ಮುನ್ನೂರು ಮನೆ, ಐದಾರು ಮಾತು: ಗಡಿನಾಡಿನಲ್ಲಿ ಒಂದು ಸಮೀಕ್ಷೆ ನಡೆದ ಬಗೆ

ಕಾಸರಗೋಡಿನಲ್ಲಿ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯ ಓದುವ ಮಕ್ಕಳು ಪ್ರಾಜೆಕ್ಟಿಗೆಂದು ಮೊದಲು ಬರೆದು ತರುವ ವಿಷಯ ಹೆಚ್ಚಾಗಿ ಒಂದೇ: ‘ಕಾಸರಗೋಡಿನ ಕನ್ನಡಿಗರ ಸ್ಥಿತಿಗತಿ’. ಪ್ರೀತಿಯಿಂದ ಆರಿಸಿದ ವಿಷಯ, ಸಂಶಯವಿಲ್ಲ. ಆದರೆ ಅದರಲ್ಲಿ ಅಳೆಯಲಿಕ್ಕೆ ಏನೂ ಇಲ್ಲ. ಕನ್ನಡಿಗರು ಅಂದರೆ ಯಾರು, ಸ್ಥಿತಿ ಅಂದರೆ ಯಾವುದು, ಕಾಸರಗೋಡು ಅಂದರೆ ಪೇಟೆಯೋ ತಾಲೂಕೋ ಜಿಲ್ಲೆಯೋ? ಮೂರೂ ಬಿಡಿಸದೆ ಉಳಿದಿರುತ್ತವೆ. ಆದ್ದರಿಂದ ಮೊದಲ ಕೆಲಸ ವಿಷಯವನ್ನು ಕತ್ತರಿಸುವುದು. ನಾವು ಕತ್ತರಿಸಿ ಉಳಿಸಿಕೊಂಡದ್ದು ಇಷ್ಟು: ಮಂಜೇಶ್ವರ ತಾಲೂಕಿನ ಒಂದು ಪಂಚಾಯತಿನಲ್ಲಿ, ಒಂದರಿಂದ ಏಳನೇ ತರಗತಿಯವರೆಗಿನ ಮಗುವಿರುವ ಮನೆಗಳಲ್ಲಿ, ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಆರಿಸಿದ ಮಾಧ್ಯಮ ಯಾವುದು, ಆ ಆಯ್ಕೆಗೂ ಮನೆಮಾತು, ಶಾಲೆಯ ದೂರ, ತಾಯಿಯ ಓದು, ಈ ಮೂರಕ್ಕೂ ಸಂಬಂಧ ಇದೆಯೇ. ಇದರಲ್ಲಿ ಯಾರನ್ನು ಕೇಳಬೇಕು, ಏನನ್ನು ಕೇಳಬೇಕು, ಕೊನೆಗೆ ಯಾವ ಕೋಷ್ಟಕ ಬರಬೇಕು ಎಂಬುದೆಲ್ಲ ವಾಕ್ಯದೊಳಗೇ ಇದೆ. ಕೊನೆಯ ಕೋಷ್ಟಕದ ಖಾಲಿ ಚೌಕಟ್ಟನ್ನು ಪ್ರಶ್ನಾವಳಿ ಬರೆಯುವ ಮೊದಲೇ ಕಾಗದದ ಮೇಲೆ ಎಳೆದುಬಿಡುವುದು ಒಳ್ಳೆಯ ಅಭ್ಯಾಸ. ಅದರ ಯಾವ ಕೋಣೆಗೂ ಸೇರದ ಪ್ರಶ್ನೆಯನ್ನು ಆಗಲೇ ಹೊಡೆದುಹಾಕಬಹುದು.

ಈ ಬರಹದಲ್ಲಿ ಬರುವ ಲೆಕ್ಕದ ಅಂಕಿಗಳೆಲ್ಲ ವಿಧಾನವನ್ನು ತೋರಿಸಲು ಕಟ್ಟಿಕೊಂಡವು. ಸಮೀಕ್ಷೆಯ ನಿಜವಾದ ಅಂಕಿ ಇಲ್ಲಿ ಇಲ್ಲ. ವಾರ್ಡುಗಳು ಚಿಕ್ಕವು. ಕೊಂಕಣಿ ಮಾತಾಡುವ, ಎರಡು ಎಕರೆ ಅಡಿಕೆ ತೋಟವಿರುವ, ಮಗಳನ್ನು ಕನ್ನಡ ಶಾಲೆಗೆ ಕಳಿಸುವ ಮನೆ ಎಂದರೆ ಊರವರಿಗೆ ಅದು ಯಾರ ಮನೆ ಎಂದು ಗೊತ್ತಾಗಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಭಾಷೆಯ ಪ್ರಶ್ನೆ, ಹಿಡಿಯಬೇಕಾದದ್ದೂ ಅದೇ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಅದರಲ್ಲಿ ಮಲಯಾಳ ಎಂದವರು ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು. ತುಳು ಎಂದವರು ಕನ್ನಡ ಎಂದವರ ಸುಮಾರು ಎರಡರಷ್ಟು. ಇದನ್ನು ಓದಿ, ಕನ್ನಡ ಇಷ್ಟೇ ಎಂದು ಮುಗಿಸುವವರಿದ್ದಾರೆ. ಆದರೆ ಜನಗಣತಿ ಕೇಳುವುದು ಮಾತೃಭಾಷೆಯನ್ನು, ಅಂದರೆ ಚಿಕ್ಕಂದಿನಲ್ಲಿ ತಾಯಿ ಆಡಿಸಿದ ಮಾತನ್ನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪತ್ರಿಕೆ ಓದುವುದು ಕನ್ನಡದಲ್ಲಿ, ಇದು ಇಲ್ಲಿ ಸಾವಿರಾರು ಮನೆಗಳ ಬದುಕು. ಅವರು ಗಣತಿಯಲ್ಲಿ ತುಳುವರು, ಶಾಲೆಯ ಹಾಜರಿ ಪುಸ್ತಕದಲ್ಲಿ ಕನ್ನಡದವರು. ಕೊಂಕಣಿ, ಮರಾಠಿ ಮನೆಗಳಲ್ಲೂ ಇದೇ ಕತೆ. ಕರಾವಳಿಯ ಮುಸ್ಲಿಮರ ಮಾತಾದ ಬ್ಯಾರಿ ಆಡುವ ಮನೆಯವರಲ್ಲಿ ಕೆಲವರು ಕೇಳಿದ ಕೂಡಲೇ ಮಲಯಾಳ ಎನ್ನುತ್ತಾರೆ, ಕೆಲವರು ಬ್ಯಾರಿ ಎಂದೇ ಹೇಳುತ್ತಾರೆ. ಹವ್ಯಕರು ಒಮ್ಮೆ ಕನ್ನಡ ಎಂದೂ ಇನ್ನೊಮ್ಮೆ ಹವ್ಯಕ ಎಂದೂ ಹೇಳುವುದುಂಟು.

‘ನಿಮ್ಮ ಭಾಷೆ ಯಾವುದು’ ಎಂಬ ಒಂದೇ ಪ್ರಶ್ನೆ ಇಟ್ಟರೆ ಇಷ್ಟೆಲ್ಲ ಒಂದೇ ಕೋಣೆಗೆ ಬಂದು ಬೀಳುತ್ತದೆ, ಆಮೇಲೆ ಬೇರ್ಪಡಿಸಲು ಯಾವ ಸಾಫ್ಟ್‌ವೇರಿನಿಂದಲೂ ಆಗದು. ನಾವು ಅದನ್ನು ಒಡೆದು ನಾಲ್ಕು ಮಾಡಿದೆವು. ಚಿಕ್ಕಂದಿನಲ್ಲಿ ಅಮ್ಮ ನಿಮ್ಮೊಡನೆ ಯಾವ ಮಾತಿನಲ್ಲಿ ಮಾತಾಡುತ್ತಿದ್ದರು? ಈಗ ಮನೆಯಲ್ಲಿ ಮಕ್ಕಳೊಡನೆ ಹೆಚ್ಚಾಗಿ ಯಾವ ಮಾತು? ನೀವು ಶಾಲೆಯಲ್ಲಿ ಓದಿದ್ದು ಯಾವ ಮಾಧ್ಯಮ? ಯಾವ ಲಿಪಿಯಲ್ಲಿ ಸಲೀಸಾಗಿ ಓದುತ್ತೀರಿ? ಕೊನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು. ಓದಲು ಬರುತ್ತದೆ ಎಂದು ಹೇಳುವುದು ಮರ್ಯಾದೆಯ ವಿಷಯವೂ ಹೌದು. ಅದಕ್ಕೆ ಕನ್ನಡ, ಮಲಯಾಳ ಎರಡರಲ್ಲೂ ಎರಡೆರಡು ಸಾಲಿನ ದಪ್ಪಕ್ಷರದ ಕಾರ್ಡು ಮಾಡಿ, ‘ಅಕ್ಕಾ, ಇದನ್ನೊಮ್ಮೆ ಓದ್ತೀರಾ’ ಎಂದು ಕೈಗೆ ಕೊಡುವುದು. ಪೂರ್ತಿ ಓದಿದರು, ತಡವರಿಸಿ ಓದಿದರು, ಓದಲಿಲ್ಲ, ಓದಲು ಒಪ್ಪಲಿಲ್ಲ ಎಂಬ ನಾಲ್ಕರಲ್ಲಿ ಒಂದಕ್ಕೆ ಗುರುತು. ಕನ್ನಡಕ ಒಳಗಿದೆ ಎಂದವರನ್ನು ‘ಓದಲಿಲ್ಲ’ಕ್ಕೆ ಸೇರಿಸಬಾರದು. ಅದು ಒಪ್ಪದವರ ಲೆಕ್ಕ.

ಮನೆಮಾತಿನ ಉತ್ತರವನ್ನು ಅಲ್ಲೇ ಕೋಡ್ ಮಾಡದೆ, ಅಂದರೆ ಅಂಕಿಗೆ ಬದಲಿಸದೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ‘ಮನೆಯಲ್ಲಿ ತುಳು ಮಾತಾಡುವುದು, ಆದರೆ ನಾವು ಕನ್ನಡದವರೇ’ ಎಂಬ ಮಾತು ಅಂಗಳದಲ್ಲಿ ಎಷ್ಟೋ ಸಲ ಬರುತ್ತದೆ. ಅಲ್ಲೇ ನಿಂತು ‘2’ ಎಂದು ಬರೆದುಬಿಟ್ಟರೆ ಅದರ ಅರ್ಧ ಹೋಯಿತು.

ಮಾಧ್ಯಮ ಎಂಬುದನ್ನೂ ಬಿಡಿಸಲೇಬೇಕು. ಇಲ್ಲಿ ಒಂದೇ ಏಡೆಡ್ (ಅನುದಾನಿತ) ಶಾಲೆಯಲ್ಲಿ ಕನ್ನಡ ಡಿವಿಷನ್, ಮಲಯಾಳ ಡಿವಿಷನ್, ಇಂಗ್ಲಿಷ್ ಡಿವಿಷನ್ ಮೂರೂ ಇರಬಹುದು. ಶಾಲೆಯ ಹೆಸರು ಬರೆದುಕೊಂಡರೆ ಮಾಧ್ಯಮ ಗೊತ್ತಾಗುವುದಿಲ್ಲ, ಡಿವಿಷನ್ ಕೇಳಬೇಕು. ಇಂಗ್ಲಿಷ್ ಮಾಧ್ಯಮದಲ್ಲಿದ್ದು ಕನ್ನಡವನ್ನು ಒಂದು ಭಾಷೆಯಾಗಿ ಓದುವ ಮಗುವಿಗೆ ಬೇರೆಯೇ ಕೋಡ್ ಬೇಕು.

ಇನ್ನು ಮನೆಗಳ ಪಟ್ಟಿ. ಸಮೀಕ್ಷೆ ಗೆಲ್ಲುವುದೂ ಸೋಲುವುದೂ ಇಲ್ಲಿ. ಸುಲಭಕ್ಕೆ ಸಿಗುವ ಪಟ್ಟಿ ಮೂರು, ಮೂರಕ್ಕೂ ಒಂದೊಂದು ತೂತು. ಮತದಾರರ ಪಟ್ಟಿ ಬೂತ್ ಪ್ರಕಾರ ಸಿಗುತ್ತದೆ, ಮನೆ ಸಂಖ್ಯೆಯೂ ಇರುತ್ತದೆ. ಆದರೆ ತೀರಿಕೊಂಡವರು, ಗಲ್ಫಿನಲ್ಲಿರುವವರು ಅದರಲ್ಲಿ ಉಳಿದಿರುತ್ತಾರೆ, ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ಇನ್ನೂ ತವರಿನ ಬೂತಿನಲ್ಲೇ ಇರಬಹುದು, ಮಕ್ಕಳ ಹೆಸರಂತೂ ಇರುವುದೇ ಇಲ್ಲ. ಶಾಲೆಯ ದಾಖಲೆ, ಜೂನ್‌ನಲ್ಲಿ ಆರನೇ ಕೆಲಸದ ದಿನ ತೆಗೆಯುವ ಮಕ್ಕಳ ಲೆಕ್ಕ, ನಂಬಬಹುದಾದದ್ದು. ಆದರೆ ತಲಪಾಡಿ ದಾಟಿ ಮಂಗಳೂರು ಕಡೆಗೋ ಪೆರ್ಲದಿಂದ ವಿಟ್ಲ, ಪುತ್ತೂರು ಕಡೆಗೋ ವ್ಯಾನಿನಲ್ಲಿ ಹೋಗುವ ಮಗು ಇಲ್ಲಿನ ಶಾಲೆಯ ಲೆಕ್ಕದಲ್ಲಿ ಇಲ್ಲ. ನಾವು ಹುಡುಕುತ್ತಿರುವುದೇ ಮಾಧ್ಯಮದ ಆಯ್ಕೆಯನ್ನು, ಗಡಿ ದಾಟುವವರನ್ನು ಬಿಟ್ಟರೆ ಉತ್ತರ ಅಲ್ಲೇ ವಾಲಿತು. ನೆರೆಕರೆಯ ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಅಯಲ್‌ಕೂಟದ ಪುಸ್ತಕದಲ್ಲಿ ಸದಸ್ಯರ ಮನೆ ಮಾತ್ರ.

ದಾರಿ ಒಂದೇ: ವಾರ್ಡಿನ ಮನೆಗಳನ್ನು ಹೊಸದಾಗಿ ಪಟ್ಟಿ ಮಾಡುವುದು. ಪಂಚಾಯತಿನ ಮನೆ ಸಂಖ್ಯೆ ಬಾಗಿಲ ಮೇಲೆ ಇರುತ್ತದೆ, ಮೊದಲು ವಾರ್ಡು, ಓರೆಗೆರೆ, ಆಮೇಲೆ ಮನೆ. ವಾರ್ಡುಗಳ ಮರುವಿಂಗಡಣೆಯಾದ ಮೇಲೆ ಬಾಗಿಲ ಮೇಲಿನ ಹಳೆಯ ಸಂಖ್ಯೆಗೂ ಕಚೇರಿಯ ಹೊಸ ಸಂಖ್ಯೆಗೂ ತಾಳೆಯಾಗುವುದಿಲ್ಲ, ಎರಡನ್ನೂ ಬರೆದುಕೊಳ್ಳಬೇಕು. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಇಬ್ಬರನ್ನೂ ಕೂರಿಸಿಕೊಂಡು ಪಟ್ಟಿ ಓದಿದರೆ ಬಿಟ್ಟುಹೋದ ಮನೆ ಕೂಡಲೇ ಹೊರಬರುತ್ತದೆ. ‘ಆ ಗುಡ್ಡೆಯ ಆಚೆ ಎರಡು ಮನೆ ಉಂಟಲ್ಲ’ ಎಂಬ ಮಾತು ಅವರಿಂದಲೇ ಬರಬೇಕು. ಪಠ್ಯಪುಸ್ತಕದಲ್ಲಿ ಹೇಳುವ ಹಾಗೆ ಮೂಲೆಯಲ್ಲಿ ನಿಂತು ಬಲಗಡೆಯ ಪ್ರತಿ ಐದನೇ ಮನೆಗೆ ಹೋಗುವ ಕ್ರಮ ಈ ಊರುಗಳಲ್ಲಿ ನಡೆಯದು. ಇಲ್ಲಿ ಬೀದಿ ಎಂಬುದೇ ಇಲ್ಲ, ಮನೆಗಳು ತೋಟದೊಳಗೆ ಚದುರಿವೆ. ರಸ್ತೆ ಹಿಡಿದು ಹೋದರೆ ರಸ್ತೆಬದಿಯ ಮನೆಗಳೇ ಸಿಗುತ್ತವೆ. ಶಾಲೆಯ ದೂರ ನಮ್ಮ ಒಂದು ಚಲಕ, ಅಂದರೆ ಮನೆಯಿಂದ ಮನೆಗೆ ಬದಲಾಗುವ, ನಾವು ಅಳೆಯುವ ಅಂಶ, ಆಗಿರುವಾಗ ಅದು ದೊಡ್ಡ ಕೆಡುಕು.

ಗೂಗಲ್ ಫಾರ್ಮ್ ಮಾಡಿ ಕನ್ನಡದ ವಾಟ್ಸಾಪ್ ಗುಂಪುಗಳಿಗೆ ಹಾಕಿದರೆ ಒಂದೇ ರಾತ್ರಿಯಲ್ಲಿ ಐನೂರು ಉತ್ತರ ಬರುತ್ತದಲ್ಲ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬರುತ್ತದೆ. ಕನ್ನಡದ ಗುಂಪಿನಲ್ಲಿರುವವರಿಂದ, ಕನ್ನಡದ ಬಗ್ಗೆ ಹೇಳಲಿಕ್ಕಿರುವವರಿಂದ ಬರುತ್ತದೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಕಾರ್ಡು ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ನ್ನು. ವಾಲಿದ ಪಟ್ಟಿಯಿಂದ ಎಷ್ಟು ಲಕ್ಷ ಉತ್ತರ ತೆಗೆದರೂ ವಾಲಿಕೆ ಹಾಗೆಯೇ ಉಳಿಯುತ್ತದೆ.

ಎಷ್ಟು ಮನೆ ಬೇಕು? ಲೆಕ್ಕ ಕಷ್ಟದ್ದಲ್ಲ. ನೂರಕ್ಕೆ ಎಷ್ಟು ಎಂಬ ಉತ್ತರ ಬೇಕು, ಮೇಲೆ ಕೆಳಗೆ 5 ಅಂಕ ತಪ್ಪಿದರೆ ಸಹಿಸಬಹುದು, 95% ಭರವಸೆ ಸಾಕು ಎಂದಾದರೆ, ಆ 95% ಭರವಸೆಗೆ ಸಲ್ಲುವ ಅಂಕಿಯಾದ 1.96ರ ವರ್ಗವನ್ನು 0.25ರಿಂದ ಗುಣಿಸಿ 0.05ರ ವರ್ಗದಿಂದ ಭಾಗಿಸುವುದು. ಬರುವುದು 384.16, ಅಂದರೆ 385. ಈ 0.25 ಎಲ್ಲಿಂದ? ಅರ್ಧಕ್ಕರ್ಧ ಜನ ಒಂದು ಕಡೆ ಇದ್ದಾಗ ಏರಿಳಿತ ಅತಿ ಹೆಚ್ಚು, 0.5 ಗುಣಿಸು 0.5. ಮೊದಲೇ ಅಂದಾಜು ಇಲ್ಲದಿದ್ದರೆ ಅದನ್ನೇ ಹಿಡಿಯುವುದು ಕ್ಷೇಮ. ಅರ್ಹ ಮನೆಗಳು ಒಟ್ಟು 2,400 ಇವೆ ಎಂದುಕೊಳ್ಳಿ. ಸಮಷ್ಟಿ ಚಿಕ್ಕದಾದ್ದರಿಂದ 384.16ನ್ನು 1.15965ರಿಂದ ಭಾಗಿಸಬಹುದು (384.16ರಿಂದ 1 ಕಳೆದ 383.16ನ್ನು 2,400ರಿಂದ ಭಾಗಿಸಿ 1 ಕೂಡಿಸಿದರೆ ಬರುವ ಸಂಖ್ಯೆ ಅದು). ಉತ್ತರ 332. ಹತ್ತರಲ್ಲಿ ಒಂದು ಮನೆ ಸಿಗಲಿಕ್ಕಿಲ್ಲ ಎಂದು 0.9ರಿಂದ ಭಾಗಿಸಿದರೆ 369. ಆರಿಸಿಕೊಳ್ಳಬೇಕಾದ ಮನೆ 369, ತುಂಬಿದ ಫಾರ್ಮು ಕನಿಷ್ಠ 332.

ಈಗ ಪಟ್ಟಿಯಿಂದ ಎತ್ತುವುದು. 2,400ನ್ನು 369ರಿಂದ ಭಾಗಿಸಿದರೆ 6.504. ಇಲ್ಲಿ ಆಗುವ ತಪ್ಪು ಬಹಳ ಸಾಮಾನ್ಯ: ದಶಮಾಂಶ ಕಿರಿಕಿರಿಯೆಂದು ಪ್ರತಿ ಆರನೇ ಮನೆ ಎಂದು ಹಿಡಿದು, 369 ಆದ ಕೂಡಲೇ ನಿಲ್ಲಿಸುವುದು. 369 ಗುಣಿಸು 6 ಎಂದರೆ 2,214. ಕೊನೆಯ 186 ಮನೆಗಳಿಗೆ ಆಯ್ಕೆಯಾಗುವ ಅವಕಾಶವೇ ಇಲ್ಲ. ಪಟ್ಟಿ ವಾರ್ಡು ಪ್ರಕಾರ ಇದ್ದರೆ ಕೊನೆಯ ವಾರ್ಡಿನ ಬಹುಭಾಗ ಬಿದ್ದುಹೋಯಿತು. ದಶಮಾಂಶವನ್ನು ಉಳಿಸಿಕೊಂಡೇ ಹೋಗಬೇಕು. 0ಗೂ 6.504ಕ್ಕೂ ನಡುವೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆಯಿರಿ, 3.27 ಬಂತು ಎನ್ನೋಣ. ಅದಕ್ಕೆ 6.504 ಕೂಡಿಸುತ್ತ ಹೋದರೆ 9.774, 16.278, 22.782. ಪ್ರತಿಯೊಂದನ್ನೂ ಮೇಲಿನ ಪೂರ್ಣಸಂಖ್ಯೆಗೆ ಏರಿಸಿ: 4, 10, 17, 23ನೇ ಮನೆಗಳು. ಸ್ಪ್ರೆಡ್‌ಶೀಟಿನಲ್ಲಿ ಒಂದು ಕಾಲಮಿನ ಕೆಲಸ. ಪಟ್ಟಿಯನ್ನು ವಾರ್ಡು, ವಾರ್ಡಿನೊಳಗೆ ನೆರೆಕರೆ ಎಂಬ ಕ್ರಮದಲ್ಲಿ ಜೋಡಿಸಿಟ್ಟರೆ ಪ್ರತಿ ವಾರ್ಡಿಗೂ ಅದರ ಪಾಲು ತಾನಾಗಿ ಬರುತ್ತದೆ.

ಓಡಾಟ ಉಳಿಸಲು ಎರಡು ಮೂರು ವಾರ್ಡು ಆರಿಸಿ ಅಲ್ಲೇ ಎಲ್ಲ ಮನೆ ಮುಗಿಸುವ ಆಸೆ ಬರುತ್ತದೆ. ಮಳೆಗಾಲದಲ್ಲಿ ಬೈಲು ದಾಟಿ ಗುಡ್ಡೆ ಹತ್ತುವವರಿಗೆ ಅದು ಸಹಜವೂ ಹೌದು. ಆದರೆ ಮನೆಮಾತು ಇಲ್ಲಿ ಗುಂಪುಗುಂಪಾಗಿ ನೆಲೆಸಿದೆ. ಒಂದು ಬೈಲಿನಲ್ಲಿ ಹವ್ಯಕ ಮನೆಗಳು, ಇನ್ನೊಂದು ಗುಡ್ಡೆಯಲ್ಲಿ ತುಳು ಮನೆಗಳು, ಮಸೀದಿಯ ಹತ್ತಿರ ಬ್ಯಾರಿ ಮನೆಗಳು. ನೆರೆಮನೆಯವರು ಒಂದೇ ಥರ ಇದ್ದಾಗ ಹತ್ತನೆಯ ಮನೆ ಒಂಬತ್ತರಲ್ಲಿ ಕೇಳಿದ್ದನ್ನೇ ಹೇಳುತ್ತದೆ. ಇದನ್ನು ಅಳೆಯಲು ಒಂದು ಸೂತ್ರ ಇದೆ: ಒಂದು ಗುಂಪಿನಲ್ಲಿ ತೆಗೆದುಕೊಂಡ ಮನೆಗಳಿಂದ ಒಂದನ್ನು ಕಳೆದು, ಗುಂಪಿನೊಳಗಿನ ಹೋಲಿಕೆಯ ಪ್ರಮಾಣದಿಂದ ಗುಣಿಸಿ, 1 ಕೂಡಿಸುವುದು. ಗುಂಪಿಗೆ 15 ಮನೆ, ಹೋಲಿಕೆ 0.2 ಎಂದಾದರೆ 3.8. 332 ಮನೆ ಸುತ್ತಿದರೂ ಕೈಗೆ ಬರುವ ಹುರುಳು 87 ಮನೆಗಳದ್ದು. ಕಾಲಿಗೆ ಉಳಿದ ಶ್ರಮವನ್ನು ನಿಖರತೆಯಲ್ಲಿ ತೆತ್ತಂತೆ. ನಾವು ಇಡೀ ಪಂಚಾಯತಿಗೆ ಹರಡಿಯೇ ಹೋದೆವು.

ಪ್ರಶ್ನಾವಳಿ ಕನ್ನಡ, ಮಲಯಾಳ ಎರಡರಲ್ಲಿ, ಅದರ ತುಳು ರೂಪ ಕನ್ನಡ ಲಿಪಿಯಲ್ಲಿ. ಒಬ್ಬರು ಕನ್ನಡದಿಂದ ಮಲಯಾಳಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರು ತಿರುಗಿ ಕನ್ನಡಕ್ಕೆ ತರಬೇಕು. ಎರಡು ಕನ್ನಡಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ಎಲ್ಲಿ ಅರ್ಥ ಜಾರಿದೆ ಎಂದು ಕಾಣುತ್ತದೆ. ಕ್ರಮವೂ ಮುಖ್ಯ. ನಡೆದ ಸಂಗತಿಗಳು ಮೊದಲು, ಅಭಿಪ್ರಾಯ ಕೊನೆಗೆ. ‘ಕನ್ನಡ ಶಾಲೆ ಉಳಿಯಬೇಕೇ’ ಎಂದು ಮೊದಲೇ ಕೇಳಿ, ಆಮೇಲೆ ‘ನಿಮ್ಮ ಮಗುವನ್ನು ಎಲ್ಲಿಗೆ ಸೇರಿಸಿದಿರಿ’ ಎಂದರೆ ಪಾಪ, ಮನೆಯವರು ಇಕ್ಕಟ್ಟಿಗೆ ಬೀಳುತ್ತಾರೆ. ಆಮೇಲೆ ಕಾರಣ ಕೇಳಿದರೆ ಮೊದಲಿನ ಮಾತಿಗೆ ಹೊಂದಿಸಿಕೊಂಡ ಉತ್ತರ ಬರುತ್ತದೆ. ಈ ನೆಲ 1956ರಲ್ಲಿ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಬರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಆಗಲಿಲ್ಲ. ಭಾಷೆಯ ಬಗ್ಗೆ ಅಭಿಪ್ರಾಯ ಕೇಳಿದಾಗ ಈ ಎಲ್ಲ ನೆನಪೂ ಉತ್ತರದೊಳಗೆ ಬರುತ್ತದೆ. ಅಭಿಪ್ರಾಯವೂ ಬೆಲೆಯುಳ್ಳದ್ದೇ, ಆದರೆ ಅದನ್ನು ನಡವಳಿಕೆ ಎಂದು ಎಣಿಸಬಾರದು.

‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಪೂರ್ತಿ ಒಪ್ಪುವುದಿಲ್ಲ’ದವರೆಗಿನ ಐದು ಮೆಟ್ಟಿಲು ಬಾಯಲ್ಲಿ ಓದಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ, ಕೇಳಿದ್ದಕ್ಕೆಲ್ಲ ‘ಹೌದು, ಸರಿ’ ಬರುತ್ತದೆ. ಎರಡು ಹೆಜ್ಜೆ ಮಾಡಿ: ಒಪ್ಪುತ್ತೀರಾ ಇಲ್ಲವಾ, ಆಮೇಲೆ, ಪೂರ್ತಿಯಾಗಿಯಾ ಸ್ವಲ್ಪವಾ. ಜೊತೆಗೆ ಒಂದೆರಡು ಮಾತನ್ನು ತಿರುಗಿಸಿ ಕೇಳಿ. ಎರಡೂ ಕಡೆ ಹೌದು ಎಂದವರ ಉತ್ತರವನ್ನು ಬೇರೆ ಇಡಬೇಕು.

ಆದಾಯ ಕೇಳಬೇಡಿ. ಹೇಳುವುದಿಲ್ಲ, ಹೇಳಿದರೂ ಅಡಿಕೆಯ ಮನೆಗೆ ತಿಂಗಳ ಆದಾಯ ಎಂಬ ಲೆಕ್ಕವೇ ಇರುವುದಿಲ್ಲ. ರೇಷನ್ ಕಾರ್ಡಿನ ಬಣ್ಣ ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತಾರೆ. ಕೇರಳದಲ್ಲಿ ಹಳದಿ ಅಂತ್ಯೋದಯದ್ದು, ಗುಲಾಬಿ ಆದ್ಯತೆಯದ್ದು, ನೀಲಿ ಆದ್ಯತೆಯಿಲ್ಲದ ಆದರೆ ಸಬ್ಸಿಡಿ ಇರುವ ಮನೆಯದ್ದು, ಬಿಳಿ ಎರಡೂ ಇಲ್ಲದ್ದು. ನಾಲ್ಕಕ್ಕೂ ಮೇಲುಕೆಳಗಿನ ಕ್ರಮ ಇದೆ, ಆದರೆ ಅಂತರ ಸಮ ಅಲ್ಲ, ಆದ್ದರಿಂದ 1, 2, 3, 4 ಎಂದು ಕೋಡ್ ಕೊಟ್ಟು ಅದರ ಸರಾಸರಿ ತೆಗೆಯುವುದು ಅರ್ಥವಿಲ್ಲದ ಲೆಕ್ಕ. ಭೂಮಿಯನ್ನು ಸೆಂಟ್ಸ್‌ನಲ್ಲೇ ಕೇಳಿ. ನೂರು ಸೆಂಟ್ಸ್‌ಗೆ ಒಂದು ಎಕರೆ, ಬದಲಾವಣೆ ಆಮೇಲೆ ಮಾಡಿಕೊಳ್ಳಬಹುದು.

ಪಕ್ಕದ ಪಂಚಾಯತಿನ ಹದಿನೈದು ಇಪ್ಪತ್ತು ಮನೆಗಳಲ್ಲಿ ಪೂರ್ವಪರೀಕ್ಷೆ ಮಾಡದೆ ಫಾರ್ಮು ಅಚ್ಚಿಗೆ ಹೋಗಬಾರದು. ಸಮೀಕ್ಷೆಯ ಊರಲ್ಲೇ ಮಾಡಿದರೆ ಪ್ರಶ್ನೆ ಮುಂಚಿತವಾಗಿ ಊರಿಗೆಲ್ಲ ಗೊತ್ತಾಗುತ್ತದೆ.

ಮನೆಬಾಗಿಲಿನ ಕೆಲಸಕ್ಕೆ ಮೂರು ಕಟ್ಟುನಿಟ್ಟು ಬೇಕು. ಮೊದಲನೆಯದು, ಯಾರನ್ನು ಕೇಳುವುದು. ಶಾಲೆ ಆರಿಸುವಾಗ ಇದ್ದ ತಾಯಿ, ಅವರಿಲ್ಲದಿದ್ದರೆ ತಂದೆ, ಇಬ್ಬರೂ ದೂರದಲ್ಲಿದ್ದರೆ ಮಗುವನ್ನು ನೋಡಿಕೊಳ್ಳುವವರು. ಬಾಗಿಲು ತೆರೆದವರನ್ನೇ ಕೇಳಿದರೆ ಹಗಲಿನಲ್ಲಿ ಸಿಗುವವರು ಹೆಚ್ಚಾಗಿ ಅಜ್ಜಿಯಂದಿರು. ಎರಡನೆಯದು, ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಗೆ ಹೋಗಕೂಡದು. ಹಗಲಲ್ಲಿ ಬೀಗವಿರುವ ಮನೆ ಎಂದರೆ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಯಾವಾಗಲೂ ಜನ ಇರುವ ಪಕ್ಕದ ಮನೆಗೂ ಅದಕ್ಕೂ ಓದು, ಸಂಪಾದನೆ, ಶಾಲೆಯ ಆಯ್ಕೆ ಎಲ್ಲದರಲ್ಲೂ ವ್ಯತ್ಯಾಸ ಇರಬಹುದು. ಮೂರು ಸಲ ಹೋಗಬೇಕು, ಮೂರೂ ಬೇರೆ ಹೊತ್ತಿನಲ್ಲಿ, ಒಂದು ಸಲ ಭಾನುವಾರವೋ ಸಂಜೆಯೋ. ಶುಕ್ರವಾರ ಮಧ್ಯಾಹ್ನ ಮುಸ್ಲಿಂ ಮನೆಗಳಿಗೆ ಬೇಡ, ಊರಿನಲ್ಲಿ ಕೋಲವೋ ಉರೂಸೋ ಇದ್ದರೆ ಆ ವಾರವೇ ಬೇಡ. ಆಮೇಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಬೇಕು. ಮುಗಿಯಿತು, ನಿರಾಕರಿಸಿದರು, ಸಿಗಲಿಲ್ಲ, ಅರ್ಹ ಮನೆ ಅಲ್ಲ: ಈ ನಾಲ್ಕರ ಲೆಕ್ಕ ವರದಿಯಲ್ಲಿ ಕಾಣಲೇಬೇಕು.

ಮೂರನೆಯದು, ಯಾಕೆ ಬಂದಿದ್ದೇವೆ ಎಂದು ಮೊದಲ ಮಾತಿನಲ್ಲೇ ಬಿಡಿಸಿ ಹೇಳುವುದು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಿವು. ಕಾಗದ ಹಿಡಿದು ಬಂದವರನ್ನು ಇಲ್ಲಿನ ಜನ ಎಷ್ಟೋ ವರ್ಷಗಳಿಂದ ನೋಡಿದ್ದಾರೆ. ಫಾರ್ಮು ತುಂಬಿದರೆ ಏನಾದರೂ ನೆರವು ಬಂದೀತು ಎಂಬ ನಿರೀಕ್ಷೆ ನ್ಯಾಯವಾದದ್ದೇ. ‘ಅಕ್ಕಾ, ಇದು ಮಕ್ಕಳ ಓದಿನ ಪ್ರಾಜೆಕ್ಟಿಗೆ. ಇದರಿಂದ ಯಾವ ಸಹಾಯವೂ ಸಿಗುವುದಿಲ್ಲ, ಯಾವುದೂ ನಿಲ್ಲುವುದೂ ಇಲ್ಲ. ಬೇಡ ಅಂದರೆ ಈಗಲೇ ಹೇಳಬಹುದು, ನಡುವಿನಲ್ಲೂ ಹೇಳಬಹುದು’ ಎಂದು ಅವರ ಮಾತಿನಲ್ಲೇ ಹೇಳಿ, ಒಪ್ಪಿದ ಮೇಲೆ ಕೂರಬೇಕು. ಹೆಸರು ಫಾರ್ಮಿನ ಮೇಲೆ ಬೇಡ, ಸಂಕೇತ ಸಂಖ್ಯೆ ಸಾಕು. ಸಂಕೇತಕ್ಕೂ ಮನೆಗೂ ಇರುವ ನಂಟಿನ ಹಾಳೆ ಒಂದೇ ಇರಲಿ, ಬೀಗದಲ್ಲಿರಲಿ. ಆಧಾರ್ ಸಂಖ್ಯೆ, ರೇಷನ್ ಕಾರ್ಡಿನ ಸಂಖ್ಯೆ ಯಾವ ಕಾರಣಕ್ಕೂ ಕೇಳಬಾರದು.

ಕೇಳುವವರು ಯಾರು ಎಂಬುದೂ ಉತ್ತರವನ್ನು ತಿದ್ದುತ್ತದೆ. ಕನ್ನಡ ಮಾತಾಡುವ ಹುಡುಗಿ ಹೋದ ಮನೆಯಲ್ಲಿ ಕನ್ನಡದ ಬಗ್ಗೆ ಒಲವು ಹೆಚ್ಚು ಕಾಣಬಹುದು, ಮಲಯಾಳ ಮಾತಾಡುವ ಹುಡುಗ ಹೋದಲ್ಲಿ ಕಡಿಮೆ. ಇದನ್ನು ಹಿಡಿಯಲು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಬಳಸಿದ ಉಪಾಯ ಇವತ್ತಿಗೂ ಹೊಸದೇ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಅದನ್ನು ಅವರು ತಂದರು. ಆರಿಸಿದ ಮನೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದೊಂದು ಪಾಲು ಒಂದೊಂದು ತಂಡಕ್ಕೆ ಕೊಡುವುದು. ಎರಡೂ ಪಾಲು ಅದೇ ಪಂಚಾಯತಿನ ಮಾದರಿಗಳೇ. ಉತ್ತರಗಳು ಬಹಳ ದೂರ ಹೋದರೆ ಆ ದೂರ ಊರಿನದ್ದಲ್ಲ, ತಂಡದ್ದು. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಪದವಿ ತರಗತಿಯ ಪ್ರಾಜೆಕ್ಟುಗಳಲ್ಲಿ ಇದನ್ನು ಯಾಕೆ ಕಡ್ಡಾಯ ಮಾಡುವುದಿಲ್ಲ ಎಂಬುದು ನಮ್ಮ ಬಹುದಿನದ ಪ್ರಶ್ನೆ.

ಫಾರ್ಮುಗಳು ಬಂದ ಸಂಜೆಯೇ ಓದಿ ನೋಡಬೇಕು. ಬಿಟ್ಟುಹೋದ ಉತ್ತರವನ್ನು ಮರುದಿನ ಕೇಳಬಹುದು, ತಿಂಗಳಾದ ಮೇಲೆ ಆಗದು. ಕಂಪ್ಯೂಟರಿಗೆ ಏರಿಸುವಾಗ ಎರಡು ತೊಂದರೆ ಕಾಡುತ್ತವೆ. ಒಬ್ಬರು ಯೂನಿಕೋಡ್‌ನಲ್ಲಿ, ಇನ್ನೊಬ್ಬರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದರೆ ಅರ್ಧ ಕಡತ ಗೋಜಲಾಗುತ್ತದೆ. ‘ತುಳು’ ಎಂದೂ, ಕೊನೆಗೊಂದು ಸ್ಪೇಸ್ ಬಿದ್ದ ‘ತುಳು’ ಎಂದೂ ಇದ್ದರೆ ಯಂತ್ರ ಅವನ್ನು ಎರಡು ಭಾಷೆ ಎಂದು ಎಣಿಸುತ್ತದೆ. ಆದ್ದರಿಂದ ಕೋಡ್ ಪುಸ್ತಕ ಮಾಡಿ ಅಂಕಿಯಲ್ಲೇ ಏರಿಸಿ. ಉತ್ತರವಿಲ್ಲದ್ದಕ್ಕೆ 99 ಎಂದು ಕೊಟ್ಟಿದ್ದರೆ ಲೆಕ್ಕ ಮಾಡುವ ಮೊದಲು ಅದನ್ನು ಕಾಣೆಯಾದ ಮೌಲ್ಯ ಎಂದು ಘೋಷಿಸಬೇಕು. ಒಂಬತ್ತು ತಾಯಂದಿರು ಓದಿದ ವರ್ಷಗಳ ಮೊತ್ತ 72, ಸರಾಸರಿ 8. ಹತ್ತನೆಯವರು ಹೇಳಲಿಲ್ಲ, 99 ಹಾಗೆಯೇ ಉಳಿಯಿತು. ಈಗ ಸರಾಸರಿ 17.1. ಊರಿನ ತಾಯಂದಿರೆಲ್ಲ ಸ್ನಾತಕೋತ್ತರ ಪದವೀಧರರಾದರು! ಪ್ರತಿ ಫಾರ್ಮನ್ನು ಇಬ್ಬರು ಬೇರೆಬೇರೆಯಾಗಿ ಏರಿಸಿ ಹೋಲಿಸಿದರೆ ಬೆರಳು ತಪ್ಪಿದ್ದು ಸಿಗುತ್ತದೆ. ಸಾಫ್ಟ್‌ವೇರ್‌ಗೆ ಹಣ ಬೇಕಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್, ಜಮೋವಿ, ಪಿಎಸ್‌ಪಿಪಿ ಎಲ್ಲವೂ ಉಚಿತ.

ಕಡತದ ಪ್ರತಿಗಳು ಬೇರೆಬೇರೆ ಜಾಗದಲ್ಲಿರಲಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ರಾಮಪುರದಲ್ಲಿ ಕ್ಷೇತ್ರಕಾರ್ಯ ಮಾಡಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಹೋದವು, ಮೂರೂ ಅಲ್ಲೇ ಇದ್ದವು. ನೆನಪಿನಿಂದ ಊರನ್ನು ಮತ್ತೆ ಕಟ್ಟಲು ಅವರಂಥವರಿಗೆ ಆಯಿತು.

ಇನ್ನು ವಿಶ್ಲೇಷಣೆ. ಮೊದಲು ಪ್ರತಿ ಚಲಕದ ಎಣಿಕೆಯ ಕೋಷ್ಟಕ, ಬೇರೇನೂ ಬೇಡ. ಭೂಮಿಯಂಥದ್ದಕ್ಕೆ ಸರಾಸರಿ ಹೇಳಬೇಡಿ. ಏಳು ಮನೆಗಳ ಸೆಂಟ್ಸ್ 10, 10, 15, 20, 25, 40, 600 ಎಂದಾದರೆ ಸರಾಸರಿ ಸುಮಾರು 103, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) 20. ಏಳರಲ್ಲಿ ಆರು ಮನೆಗೆ 103ರ ಅರ್ಧವೂ ಇಲ್ಲ.

ದೂರಕ್ಕೂ ಮಾಧ್ಯಮಕ್ಕೂ ಸಂಬಂಧ ಇದೆಯೇ? ಕಟ್ಟಿದ ಅಂಕಿಯಲ್ಲಿ ನೋಡೋಣ. ಕನ್ನಡ ಶಾಲೆಗೆ 2 ಕಿಲೋಮೀಟರಿನೊಳಗಿನ 180 ಮನೆಗಳಲ್ಲಿ 108 ಕನ್ನಡ ಮಾಧ್ಯಮ ಆರಿಸಿವೆ, ಅಂದರೆ 60%. ಅದಕ್ಕಿಂತ ದೂರದ 140ರಲ್ಲಿ 63, ಅಂದರೆ 45%. ಒಟ್ಟು 320ರಲ್ಲಿ 171. ದೂರಕ್ಕೆ ಏನೂ ಸಂಬಂಧವಿಲ್ಲದಿದ್ದರೆ ಹತ್ತಿರದ ಮನೆಗಳಲ್ಲಿ 180 ಗುಣಿಸು 171 ಭಾಗಿಸು 320, ಅಂದರೆ 96.19 ನಿರೀಕ್ಷಿಸಬೇಕಿತ್ತು. ಕಂಡದ್ದು 108, ಅಂತರ 11.81. ನಾಲ್ಕೂ ಕೋಣೆಗಳಲ್ಲಿ ಅಂತರ ಇಷ್ಟೇ. ಅದರ ವರ್ಗವನ್ನು ಆಯಾ ಕೋಣೆಯ ನಿರೀಕ್ಷಿತ ಸಂಖ್ಯೆಯಿಂದ (96.19, 83.81, 74.81, 65.19) ಭಾಗಿಸಿ ಕೂಡಿಸಿದರೆ ಕೈ-ಸ್ಕ್ವೇರ್, ಅಂದರೆ ಕಂಡದ್ದು ನಿರೀಕ್ಷೆಯಿಂದ ಎಷ್ಟು ದೂರ ಎಂಬುದರ ಅಳತೆ, 7.12. ಒಂದು ಸ್ವಾತಂತ್ರ್ಯಾಂಕಕ್ಕೆ (ಎರಡು ಸಾಲು, ಎರಡು ಕಂಬದ ಕೋಷ್ಟಕಕ್ಕೆ ಅದು ಒಂದೇ) 5% ಮಟ್ಟದಲ್ಲಿ, ಅಂದರೆ ಸಂಬಂಧವಿಲ್ಲದಿದ್ದರೆ ನೂರರಲ್ಲಿ ಐದು ಸಲ ಮಾತ್ರ ದಾಟುವ, ಗಡಿ 3.84, ದಾಟಿತು. ಹೆಚ್ಚಿನ ಪ್ರಾಜೆಕ್ಟುಗಳು ಇಲ್ಲೇ ನಿಂತು, ‘ದೂರ ಹೆಚ್ಚಾದಂತೆ ಕನ್ನಡ ಮಾಧ್ಯಮ ಬಿಡುತ್ತಾರೆ, ಹತ್ತಿರ ಹೊಸ ಶಾಲೆ ತೆರೆಯಬೇಕು’ ಎಂದು ಬರೆದು ಮುಗಿಸುತ್ತವೆ.

ಇನ್ನೂ ಎರಡು ಹೆಜ್ಜೆ ಇದೆ. ಒಂದು, ಸಂಬಂಧ ಎಷ್ಟು ಬಲದ್ದು? 7.12ನ್ನು 320ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.15. 0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ತಿ ಸಂಬಂಧ, ಹಾಗಾಗಿ ಇದು ಕ್ಷೀಣ. 15 ಅಂಕದ ಅಂತರಕ್ಕೆ 95% ವ್ಯಾಪ್ತಿ 4ರಿಂದ 26ರವರೆಗೆ. ಇದನ್ನು ಬರೆದರೆ ಓದುವವರಿಗೆ ಪಿ-ಮೌಲ್ಯಕ್ಕಿಂತ (ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕೂ ದೊಡ್ಡ ಅಂತರ ಕಾಣುವ ಸಾಧ್ಯತೆ ಅದು) ಹೆಚ್ಚು ತಿಳಿಯುತ್ತದೆ.

ಎರಡು, ಕೋಷ್ಟಕವನ್ನು ಮನೆಮಾತಿನ ಪ್ರಕಾರ ಒಡೆಯುವುದು. ಹತ್ತಿರದ 180ರಲ್ಲಿ ಕನ್ನಡ ಅಥವಾ ತುಳು ಮನೆಮಾತಿನ ಮನೆ 120, ಅವುಗಳಲ್ಲಿ 90 ಕನ್ನಡ ಮಾಧ್ಯಮ: 75%. ಮಲಯಾಳ ಅಥವಾ ಬ್ಯಾರಿ ಮನೆ 60, ಅವುಗಳಲ್ಲಿ 18: 30%. ದೂರದ 140ರಲ್ಲಿ ಕನ್ನಡ, ತುಳು ಮನೆ 50, ಅವುಗಳಲ್ಲಿ 36: 72%. ಮಲಯಾಳ, ಬ್ಯಾರಿ ಮನೆ 90, ಅವುಗಳಲ್ಲಿ 27: 30%. ಕೂಡಿಸಿ ನೋಡಿ, ಅದೇ 108, ಅದೇ 63. ಆದರೆ ದೂರದ ಪರಿಣಾಮ ಎಲ್ಲಿ? 75 ಮತ್ತು 72. 30 ಮತ್ತು 30. ಕರಗಿಹೋಯಿತು. ಕನ್ನಡ ಶಾಲೆಗಳು ಇರುವುದೇ ಕನ್ನಡ, ತುಳು ಮನೆಗಳು ದಟ್ಟವಾಗಿರುವ ಕಡೆ, ಹತ್ತಿರ ಎಂಬುದು ಅಲ್ಲಿ ಮನೆಮಾತಿನ ಇನ್ನೊಂದು ಮುಖ. ಇಂಥ ಊರಿನಲ್ಲಿ ಹೊಸ ಶಾಲೆಯ ಕಟ್ಟಡದಿಂದ ಏನೂ ಬದಲಾಗದೆ ಇರಬಹುದು.

ಈ ಒಡೆಯುವಿಕೆ ಸಾಧ್ಯವಾದದ್ದು ಮೊದಲು ಮನೆಮಾತನ್ನು ಸರಿಯಾಗಿ ಕೇಳಿದ್ದರಿಂದ. ಒಂದೇ ಪ್ರಶ್ನೆ ಇಟ್ಟು, ತುಳು ಮನೆಯವರಲ್ಲಿ ಕೆಲವರು ‘ಕನ್ನಡ’ ಎಂದೂ ಕೆಲವರು ‘ಇತರೆ’ ಎಂದೂ ಬಿದ್ದಿದ್ದರೆ 75 ಮತ್ತು 30ರ ಗೆರೆ ಮಸುಕಾಗಿ, ದೂರಕ್ಕೆ ಇಲ್ಲದ ಬಲ ಉಳಿದುಬಿಡುತ್ತಿತ್ತು. ಕೊನೆಯ ಕೋಷ್ಟಕದ ಸತ್ಯ ಮೊದಲ ಪುಟದ ಪ್ರಶ್ನೆಯಲ್ಲಿ ಕೂತಿರುತ್ತದೆ. ಅದಕ್ಕೇ ಅಲ್ಲಿ ಅಷ್ಟು ಹೊತ್ತು ಕೊಟ್ಟದ್ದು.

ಸಣ್ಣ ಗುಂಪುಗಳ ವಿಷಯದಲ್ಲಿ ಎಚ್ಚರ ಬೇಕು. ಕೊಂಕಣಿ ಮನೆ 14 ಸಿಕ್ಕಿದ್ದರೆ ಅವರ ಶೇಕಡಾವಾರು ಹೇಳುವಂತಿಲ್ಲ, ಅದು ಮೇಲೆ ಕೆಳಗೆ 26 ಅಂಕ ಆಡುತ್ತದೆ. ‘14 ಮನೆಗಳಲ್ಲಿ ಇಷ್ಟು’ ಎಂದು ಎಣಿಕೆಯಲ್ಲೇ ಬರೆಯಿರಿ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಣೆಗಳು ಹೆಚ್ಚಿದ್ದರೆ ಕೈ-ಸ್ಕ್ವೇರ್ ಬಿಟ್ಟು, ಸಣ್ಣ ಎಣಿಕೆಗೂ ಸಲ್ಲುವ ಫಿಶರ್ ಪರೀಕ್ಷೆಗೆ ಹೋಗಿ. ಅರ್ಥವಿಲ್ಲದೆ ಗುಂಪುಗಳನ್ನು ಕೂಡಿಸಬೇಡಿ. ಎಲ್ಲವನ್ನೂ ಎಲ್ಲದರೊಡನೆ ಅಡ್ಡಕೋಷ್ಟಕ ಮಾಡಿ ನಕ್ಷತ್ರ ಬಿದ್ದದ್ದನ್ನು, ಅಂದರೆ ಸಾಫ್ಟ್‌ವೇರ್ ‘ಮಹತ್ವದ್ದು’ ಎಂದು ಗುರುತು ಹಾಕಿದ್ದನ್ನು, ಮಾತ್ರ ಬರೆಯುವುದೂ ಸಲ್ಲ. ಏನೂ ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೂ 5% ಮಟ್ಟದಲ್ಲಿ ಸರಾಸರಿ ಒಂದು ‘ಮಹತ್ವದ್ದು’ ಎಂದು ಬರುತ್ತದೆ. ಯಾವ ಮೂರು ಸಂಬಂಧ ನೋಡುತ್ತೇವೆ ಎಂದು ಮೊದಲೇ ಬರೆದಿಟ್ಟಿದ್ದೆವಲ್ಲ, ಅವೇ ಮುಖ್ಯ. ಉಳಿದದ್ದು ಕಂಡರೆ ‘ಮುಂದೆ ಪರೀಕ್ಷಿಸಬೇಕಾದದ್ದು’ ಎಂಬ ತಲೆಬರಹದಡಿ ಹೋಗಲಿ.

ವರದಿಯ ವಿಧಾನದ ಅಧ್ಯಾಯದಲ್ಲಿ ಪಟ್ಟಿ ಹೇಗೆ ಆಯಿತು, ಪಟ್ಟಿಯಿಂದ ಮನೆ ಎತ್ತಿದ ಅಂತರ ಎಷ್ಟು, ಎಷ್ಟು ಮನೆ ಸಿಗಲಿಲ್ಲ, ಯಾವ ವಾರ್ಡಿನಲ್ಲಿ ಹೆಚ್ಚು ಸಿಗಲಿಲ್ಲ, ಎರಡು ತಂಡಗಳ ಉತ್ತರ ಎಷ್ಟು ಹತ್ತಿರ ಬಂತು, ಇಷ್ಟೂ ಇರಬೇಕು. ಆಮೇಲೆ ಕನ್ನಡದಲ್ಲೊಂದು, ಮಲಯಾಳದಲ್ಲೊಂದು ಒಂದೇ ಪುಟದ ಸಾರ ಮಾಡಿ ಅಂಗನವಾಡಿಗೂ ಶಾಲೆಯ ಪಿಟಿಎಗೂ (ರಕ್ಷಕ-ಶಿಕ್ಷಕ ಸಂಘ) ಕೊಡಬೇಕು. ಉತ್ತರ ಕೊಟ್ಟವರಿಗೆ ಅದನ್ನು ನೋಡುವ ಹಕ್ಕಿದೆ. ವಾರ್ಡುವಾರು ಅಂಕಿ ಅದರಲ್ಲಿ ಬೇಡ. ಮೌಲ್ಯಮಾಪನ ಮುಗಿದ ಮೇಲೆ ಸಂಕೇತಕ್ಕೂ ಮನೆಗೂ ನಂಟಿದ್ದ ಹಾಳೆಯನ್ನು ಹರಿದು ಸುಡಬೇಕು, ಅದರ ಫೋಟೋ ಯಾರ ಫೋನಿನಲ್ಲಾದರೂ ಇದ್ದರೆ ಅದನ್ನೂ ಅಳಿಸಬೇಕು.